ಒಬ್ಬಳೇ 11 ದಿನ ಕಾಶಿಗೆ: ಚೀಲ ಎಷ್ಟು ಹಗುರ ಮಾಡಬಹುದು?

ಬೆಟಗೇರಿ ಮಗ್ಗ (ಗದಗ)

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಒಬ್ಬಳೇ ಕಾಶಿಗೆ ಹೊರಟಿದ್ದೇನೆ. ಹುಬ್ಬಳ್ಳಿಯಿಂದ ಬನಾರಸಿಗೆ ಹೋಗುವ ವಾರದ ರೈಲಿನಲ್ಲಿ ಟಿಕೆಟ್ ಆಗಿದೆ, ಸ್ಲೀಪರ್. ಕಾಶಿ, ಸಾರನಾಥ, ಪ್ರಯಾಗರಾಜ್, ಮತ್ತೆ ಕಾಶಿ. ಹೋಗಿ ಬರುವುದು ಸೇರಿ 11 ದಿನ. ನನಗೆ 29 ವರ್ಷ. ಇಷ್ಟು ದೂರ ಒಬ್ಬಳೇ ಹೋಗುತ್ತಿರುವುದು ಇದೇ ಮೊದಲು.

ಚೀಲದ ಬಗ್ಗೆಯೇ ಯಾಕೆ ಕೇಳುತ್ತಿದ್ದೇನೆ ಅಂದರೆ, ಹೋದ ವರ್ಷ ಸಂಬಂಧಿಕರ ಮದುವೆ ಮುಗಿಸಿ ಒಬ್ಬಳೇ ವಾಪಸ್ ಬರುವಾಗ ಒಂದು ಜಂಕ್ಷನ್ನಿನಲ್ಲಿ ನಾಲ್ಕು ತಾಸು ಕಾಯಬೇಕಾಯಿತು. ಹತ್ತಿರ ಒಂದು ಗಾಲಿ ಸೂಟ್‌ಕೇಸು, ಒಂದು ಕೈಚೀಲ, ಮೇಲೆ ಹೋಳಿಗೆ ಡಬ್ಬಿಯ ಗಂಟು. ಶೌಚಾಲಯಕ್ಕೆ ಹೋಗಬೇಕಿತ್ತು. ಅದು ಮೇಲ್ಸೇತುವೆ ದಾಟಿ ಆಚೆ ಪ್ಲಾಟ್‌ಫಾರ್ಮಿನಲ್ಲಿ. ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ "ಸ್ವಲ್ಪ ನೋಡ್ಕೋರಿ" ಅನ್ನಬೇಕು, ಅಷ್ಟರಲ್ಲಿ ಅವರ ಗಾಡಿ ಬಂತು. ಆಮೇಲೆ ಬಂದು ಕೂತವರನ್ನು ಕೇಳಲು ಧೈರ್ಯ ಆಗಲಿಲ್ಲ. ನಾಲ್ಕು ತಾಸು ಒಂದು ಗುಟುಕು ನೀರೂ ಕುಡಿಯದೆ ಕೂತೆ. ಊರಿಗೆ ಬಂದ ಮೇಲೆ ಉರಿಮೂತ್ರ ಶುರುವಾಗಿ ಒಂದು ವಾರ ಔಷಧ ತೆಗೆದುಕೊಂಡೆ.

ಜೊತೆಗೆ ಯಾರಾದರೂ ಇದ್ದರೆ ಸಾಮಾನು ಎಷ್ಟಿದ್ದರೂ ನಡೆಯುತ್ತದೆ. ಒಬ್ಬರು ಕೂತರೆ ಒಬ್ಬರು ಹೋಗಿ ಬರಬಹುದು. ಒಬ್ಬಳೇ ಇದ್ದಾಗ ಕಾಯುವವರು ಯಾರು? ಅದಕ್ಕೇ ಈ ಸಲ ಒಂದೇ ಚೀಲ. ಅದು ನಾನು ಎಲ್ಲಿಗೆ ಹೋದರೂ ನನ್ನ ಬೆನ್ನಿಗೇ ಇರಬೇಕು.

ಆದರೆ ಅವ್ವ ಈಗಲೇ ಮೂರು ಗಂಟು ಕಟ್ಟಿ ಇಟ್ಟಿದ್ದಾಳೆ. ಒಂದು ಕೌದಿ. ಒಂದು ರೊಟ್ಟಿ ಚಟ್ನಿ. ಇನ್ನೊಂದರಲ್ಲಿ ಏನಿದೆ ಅಂತ ಕೇಳಿದರೆ "ಇರ್ಲಿ, ಬೇಕಾಗತೈತಿ" ಅನ್ನುತ್ತಾಳೆ. ಹೋಗಿ ಬಂದವರು ನಿಜವಾಗಿ ಏನು ಒಯ್ದಿರಿ, ಏನು ಬಿಟ್ಟಿರಿ, ದಯವಿಟ್ಟು ಹೇಳಿ.

ಲಕ್ಕುಂಡಿ ಬಾವಿ

ಜೀನ್ಸ್ ಒಯ್ಯಬೇಡಿ. ಒಂದು ಜೀನ್ಸಿನ ತೂಕದಲ್ಲಿ ಎರಡು ಚೂಡಿದಾರ ಪ್ಯಾಂಟು ಬರುತ್ತವೆ. ಚಳಿಯಲ್ಲಿ ಒಗೆದರೆ ಎರಡು ದಿನ ಆದರೂ ಸೊಂಟದ ಪಟ್ಟಿ ಒಣಗುವುದಿಲ್ಲ.

ಸಾಧನಕೇರಿ ಅಂಗಳ (ಧಾರವಾಡ)

ತಂಗಿ, ನಿನ್ನ ಜಂಕ್ಷನ್ ಕಥೆ ಓದಿ ನನ್ನದೇ ನೆನಪಾಯಿತು. ನಾನು ನಿವೃತ್ತಿಯಾಗಿ ಐದು ವರ್ಷವಾಯಿತು. ಅಂದಿನಿಂದ ವರ್ಷಕ್ಕೆ ಎರಡು ಸಲ ಒಬ್ಬಳೇ ಹೊರಡುತ್ತೇನೆ. ಕಾಶಿಗೂ ಎರಡು ಸಲ ಹೋಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಸ್ಲೀಪರಿನಲ್ಲಿ ರೈಲಿನವರು ಒಬ್ಬರಿಗೆ 40 ಕಿಲೋ ತನಕ ಉಚಿತವಾಗಿ ಬಿಡುತ್ತಾರೆ. ಆ ಲೆಕ್ಕ ನಮಗೆ ಬೇಡ. ನಮ್ಮ ಲೆಕ್ಕ ನೀನು ಹೇಳಿದ್ದೇ. ಚೀಲ ಬೆನ್ನಿಗಿದ್ದಾಗ ಶೌಚಾಲಯಕ್ಕೆ ಹೋಗಿ, ಕೆಲಸ ಮುಗಿಸಿ, ಕೈ ತೊಳೆದು ಹೊರಗೆ ಬರಬಹುದಾ? ಕೊಕ್ಕೆ ಇಲ್ಲದಿದ್ದರೆ, ನೆಲ ಒದ್ದೆ ಇದ್ದರೆ, ಚೀಲ ಬೆನ್ನ ಮೇಲೇ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು ಏಳಬಹುದಾ? ನನಗೆ 6 ಕಿಲೋ ತನಕ ಆಗುತ್ತದೆ. 7 ಆದರೆ ಗೋಡೆ ಹಿಡಿಯಬೇಕು. ನಿನಗೆ ವಯಸ್ಸಿದೆ, ಇನ್ನೂ ಒಂದು ಕಿಲೋ ಜಾಸ್ತಿ ನಡೆದೀತು.

ಇದನ್ನು ಮನೆಯಲ್ಲಿ ಕೂತು ಊಹಿಸಬೇಡ. ಚೀಲ ತುಂಬು, ಒಂದು ದಿನ ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗು. 10 ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೋ, ಎರಡು ತಾಸು ನಡೆಯುತ್ತದೆ. ನಮ್ಮ ಹುಬ್ಬಳ್ಳಿಯ 8ನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಜಗತ್ತಿನಲ್ಲೇ ಅದಕ್ಕಿಂತ ಉದ್ದದ್ದು ಇಲ್ಲ. ಈ ತುದಿಯಿಂದ ಆ ತುದಿಗೆ ನಡೆ. ಮೇಲ್ಸೇತುವೆ ಹತ್ತಿ ಇಳಿ. ಚೀಲದ ಸಮೇತ ಶೌಚಾಲಯಕ್ಕೆ ಹೋಗಿ ಬಾ. ಹೆಗಲು ಎಲ್ಲಿ ನೋವಾಯಿತು, ಯಾವಾಗ "ಸಾಕು" ಅನಿಸಿತು ಅಂತ ಗಮನಿಸು. ಮನೆಗೆ ಬಂದ ಮೇಲೆ ಯಾವುದನ್ನು ತೆಗೆಯಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಬಟ್ಟೆಗೆ ನನ್ನ ಲೆಕ್ಕ ಇದು: ಮೈಮೇಲೊಂದು, ಹಗ್ಗದ ಮೇಲೊಂದು, ಚೀಲದಲ್ಲೊಂದು. ಮೂರು ದಿನಕ್ಕೂ ಮೂರು ಜೊತೆ, ಮೂವತ್ತು ದಿನಕ್ಕೂ ಮೂರೇ ಜೊತೆ. ದಿನ ಹೆಚ್ಚಾದರೆ ಸೋಪು ಜಾಸ್ತಿ ಬೇಕು, ಬಟ್ಟೆ ಅಲ್ಲ. ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಬೇಕು ಅಂದರೆ ಹೀಗೆ ಮಾಡು. ಹಿಂಡಿದ ಬಟ್ಟೆಯನ್ನು ಒಣ ಟಾವೆಲ್ ಮೇಲೆ ಹಾಸು. ಟಾವೆಲ್ ಸಮೇತ ಚಾಪೆ ಸುತ್ತಿದಂತೆ ಸುತ್ತು. ಒಂದು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿ ತಿರುವು. ಬಟ್ಟೆಯಲ್ಲಿದ್ದ ನೀರು ಟಾವೆಲ್ಲಿಗೆ ಬರುತ್ತದೆ. ಬಿಚ್ಚಿ ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆ ಉಡಬಹುದು. ಇದಕ್ಕೆ ದಪ್ಪ ಟರ್ಕಿ ಟಾವೆಲ್ ಬೇಡ. ನಮ್ಮ ಕಡೆ ಸಂತೆಯಲ್ಲಿ ಸಿಗುವ ತೆಳು ಹತ್ತಿ ಟಾವೆಲ್ಲೇ ಒಳ್ಳೆಯದು, ಅದೂ ಬೇಗ ಒಣಗುತ್ತದೆ.

ಇನ್ನು ಕೌದಿ. ನನ್ನ ಅವ್ವನೂ ಹೊಲಿದು ಕೊಟ್ಟಿದ್ದಳು, ಅದನ್ನು ಬಿಟ್ಟು ಹೋಗುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೆ ಹಳೇ ಸೀರೆ ಪದರದ ಮೇಲೆ ಪದರ ಇಟ್ಟು ಹೊಲಿದದ್ದು ಅದು. ಅದೊಂದೇ ಅರ್ಧ ಚೀಲ ಆಗುತ್ತದೆ. ಅದರ ಬದಲು ನಿಮ್ಮಪ್ಪನ ಹಳೇ ದೋತರ ಒಂದು ಒಯ್ಯಿ. ಬಹಳ ಸಲ ಒಗೆದು ಮೆತ್ತಗಾದದ್ದು ಇರಬೇಕು. ಎರಡು ಮಡಿಕೆ ಮಾಡಿದರೆ ಹಾಸಿಗೆ, ಬಿಚ್ಚಿದರೆ ಹೊದಿಕೆ. ಬಟ್ಟೆ ಬದಲಿಸುವಾಗ ಮೇಲಿನ ಬರ್ತಿಗೆ ಸಿಕ್ಕಿಸಿದರೆ ಪರದೆ. ಲಾಡ್ಜಿನ ಚಾದರ ಮೈಲಿಗೆ ಇದ್ದರೆ ಅದರ ಮೇಲೆ ಹಾಸಬಹುದು. ಚಳಿಗೆ ಮಾತ್ರ ದೋತರ ಸಾಲುವುದಿಲ್ಲ. ಕಾಶಿಯಲ್ಲಿ ಡಿಸೆಂಬರ್ ರಾತ್ರಿ ನಮ್ಮ ಧಾರವಾಡದ ಚಳಿಯಂತಲ್ಲ. ಉಣ್ಣೆಯ ಶಾಲು ಒಂದು, ಒಳಗೆ ಹಾಕುವ ಥರ್ಮಲ್ ಒಂದು ಜೊತೆ, ಸ್ವೆಟರ್ ಮೈಮೇಲೆ. ದಪ್ಪದ್ದು ಒಂದಕ್ಕಿಂತ ತೆಳುವಿನವು ಮೂರು ಮೇಲು. ಮಧ್ಯಾಹ್ನ ಬಿಸಿಲಿಗೆ ಒಂದೊಂದೇ ತೆಗೆಯಬಹುದು.

ಕಾಶಿಯಲ್ಲಿ ಗೊದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ. ನಮ್ಮ ಕಡೆಯವರು ಬಹಳ ಜನ ಅಲ್ಲೇ ಇಳಿಯುತ್ತಾರೆ. ಕನ್ನಡ ಕೇಳಿಸುತ್ತದೆ.

ಗೋಕುಲ ರೋಡ್ (ಹುಬ್ಬಳ್ಳಿ)

ಅಕ್ಕ ಹೇಳಿದ್ದು ಬಹಳ ಒಳ್ಳೆಯದಿದೆ, ಆದರೆ ಒಂದು ಮಾತು. ನನಗೆ ಸೊಂಟದ ತೊಂದರೆ ಇದೆ, ಬೆನ್ನಿಗೆ ಏನೂ ಹಾಕಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ನನ್ನಂಥವರಿಗೆ ಸಣ್ಣ ಗಾಲಿ ಬ್ಯಾಗೇ ಗತಿ. ಎಲ್ಲರೂ ಬೆನ್ನಿಗೇ ಹಾಕಿ ಅಂದರೆ ಹೇಗೆ? ಇನ್ನೊಂದು, ಸ್ಲೀಪರ್ ಬದಲು ಥರ್ಡ್ ಎಸಿ ಮಾಡಿಸಿದರೆ ಚಾದರ, ದಿಂಬು, ಕಂಬಳಿ ಅವರೇ ಕೊಡುತ್ತಾರೆ. ಹಾಸಿಗೆಯ ಭಾರ ಪೂರ್ತಿ ಹೋಯಿತು. ದುಡ್ಡು ಜಾಸ್ತಿ ಆಗುತ್ತದೆ, ನಿಜ.

ಸಾಧನಕೇರಿ ಅಂಗಳ

ಗೋಕುಲ ರೋಡ್ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಬೆನ್ನುನೋವು ಇದ್ದವರಿಗೆ ಗಾಲಿಯೇ ಸರಿ. ಆದರೆ ಕಾಶಿಯ ಹಳೇ ಗಲ್ಲಿಗಳಿಗೆ ಆಟೋ ಬರುವುದಿಲ್ಲ. ಕಲ್ಲು ಹಾಸು, ಸಗಣಿ, ನೀರು, ಘಾಟಿನ ಮೆಟ್ಟಿಲು. ಅಲ್ಲಿ ಗಾಲಿ ಉರುಳುವುದಿಲ್ಲ, ಎತ್ತಲೇಬೇಕು. ಅದಕ್ಕೇ ಗಾಲಿ ಬ್ಯಾಗಿನವರು ರೂಮನ್ನು ದೊಡ್ಡ ರಸ್ತೆಯ ಮೇಲೆ ಮಾಡಿ. ಥರ್ಡ್ ಎಸಿ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಈ ತಂಗಿಯ ಟಿಕೆಟ್ ಆಗಿಬಿಟ್ಟಿದೆಯಲ್ಲ.

ದುರ್ಗದಬೈಲ್ ರನ್ನರ್

ನಾನು ಹುಬ್ಬಳ್ಳಿಯಲ್ಲಿ ಬ್ಯಾಗ್ ರಿಪೇರಿ ಮಾಡುವವನು, 18 ವರ್ಷ ಆಯಿತು. ಬ್ಯಾಗ್ ಕೊಳ್ಳುವವರು ಬಣ್ಣ ನೋಡುತ್ತಾರೆ, ಕಿಸೆ ಎಣಿಸುತ್ತಾರೆ. ಖಾಲಿ ಬ್ಯಾಗಿನ ತೂಕ ಯಾರೂ ಕೇಳುವುದಿಲ್ಲ. ದೊಡ್ಡ ಗಾಲಿ ಸೂಟ್‌ಕೇಸ್ ಖಾಲಿ ಇದ್ದಾಗಲೇ 3 ಕಿಲೋ ಮೇಲೆ ಇರುತ್ತದೆ. ಅಕ್ಕ ಹೇಳಿದ 6 ಕಿಲೋದಲ್ಲಿ ಅರ್ಧ ಅಲ್ಲೇ ಮುಗಿಯಿತು. ಬೆನ್ನಿಗೆ ಹಾಕುವುದು ಒಂದು ಕಿಲೋ ಒಳಗೆ ಸಿಗುತ್ತದೆ.

ನನ್ನ ಹತ್ತಿರ ಬರುವ ಬ್ಯಾಗುಗಳಲ್ಲಿ ಹೆಚ್ಚು ಹಾಳಾಗುವುದು ಎರಡೇ ಜಾಗ. ಒಂದು ಚೈನಿನ ರನ್ನರ್. ತುರುಕಿ ತುರುಕಿ ಎಳೆದಾಗ ರನ್ನರ್ ಬಾಯಿ ಅಗಲ ಆಗುತ್ತದೆ, ಆಮೇಲೆ ಚೈನಿನ ಹಲ್ಲು ಕಚ್ಚುವುದಿಲ್ಲ. ಎರಡನೆಯದು ಹೆಗಲ ಪಟ್ಟಿ ಮೇಲೆ ಬ್ಯಾಗಿಗೆ ಕೂಡುವ ಜಾಗ. ಕೊಳ್ಳುವಾಗ ಅಲ್ಲಿ ಬೆರಳಿಟ್ಟು ಒಳಗಿಂದ ನೋಡಿ. ಒಂದೇ ಸಾಲು ಹೊಲಿಗೆ ಇದ್ದರೆ ಬಿಡಿ. ಅಡ್ಡ, ಉದ್ದ, ಮತ್ತೆ ಓರೆ ಹೊಲಿಗೆ ಹಾಕಿದ್ದರೆ ಗಟ್ಟಿ. ಇದ್ದ ಬ್ಯಾಗಿಗೇ ಹೊಲಿಸಬೇಕು ಅಂದರೆ ಯಾವ ಚಪ್ಪಲಿ ಹೊಲಿಯುವವನಾದರೂ ದಪ್ಪ ನೈಲಾನ್ ದಾರದಿಂದ ಹಾಕಿಕೊಡುತ್ತಾನೆ.

ಅಳತೆ ಹೇಳಬೇಕಂದರೆ 30 ರಿಂದ 35 ಲೀಟರ್ ಸಾಕು. ದೊಡ್ಡದು ಕೊಂಡರೆ ಜಾಗ ಇದೆ ಅಂತ ತುಂಬುತ್ತೀರಿ. ಎದೆಯ ಮೇಲೆ ಕಟ್ಟುವ ಪಟ್ಟಿ, ಸೊಂಟಕ್ಕೆ ಕಟ್ಟುವ ಪಟ್ಟಿ ಇರಲಿ. ಸೊಂಟದ ಪಟ್ಟಿ ಬಿಗಿ ಮಾಡಿದರೆ ಭಾರ ಹೆಗಲಿನಿಂದ ಇಳಿದು ಸೊಂಟಕ್ಕೆ ಬರುತ್ತದೆ. ಮೇಲಿನಿಂದ ಬಾಯಿ ತೆರೆಯುವುದಕ್ಕಿಂತ ಸೂಟ್‌ಕೇಸಿನಂತೆ ಪೂರ್ತಿ ಬಿಚ್ಚುವುದು ಒಳ್ಳೆಯದು. ರೈಲಿನಲ್ಲಿ ರಾತ್ರಿ ಒಂದು ಗುಳಿಗೆ ಹುಡುಕಲು ಎಲ್ಲ ಹೊರಗೆ ತೆಗೆಯಬೇಕಿಲ್ಲ.

ಇನ್ನೂ ಒಂದು. ಚೈನಿನ ಎರಡು ರನ್ನರ್ ಕೂಡಿಸಿ ಸಣ್ಣ ಬೀಗ ಹಾಕುವಂತಿರಲಿ. ಇದು ಯಾಕೆ ಅಂತ ಯಾರಾದರೂ ಹೇಳುತ್ತಾರೆ ನೋಡಿ.

ಲಕ್ಕುಂಡಿ ಬಾವಿ

ನಾನು ಹೇಳುತ್ತೇನೆ. ಸ್ಟೇಶನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಟಿಕೆಟೂ ತೋರಿಸಬೇಕು. ಒಂದು ಊರಿನಲ್ಲಿ ಬೆಳಿಗ್ಗೆ ಇಳಿದು ರಾತ್ರಿ ಗಾಡಿ ಹಿಡಿಯಬೇಕಿತ್ತು, ಬೀಗ ಇಲ್ಲ ಅಂತ ವಾಪಸ್ ಕಳಿಸಿದರು. ಹೊರಗೆ ಬೀಗ ಹುಡುಕಲು ಮುಕ್ಕಾಲು ತಾಸು ಹೋಯಿತು. ಇಪ್ಪತ್ತು ಗ್ರಾಮಿನ ಬೀಗ ಒಂದು, ತೆಳು ಸರಪಳಿ ಒಂದು ಇರಲಿ. ಕೆಳಗಿನ ಬರ್ತಿನ ಅಡಿಯಲ್ಲಿ ಸರಪಳಿ ಹಾಕಲು ಕಬ್ಬಿಣದ ಬಳೆ ಇರುತ್ತದೆ.

ಸಾಧನಕೇರಿ ಅಂಗಳ

ಸರಪಳಿ ನಾನು ಬಿಟ್ಟೆ. ಚೀಲ ಸಣ್ಣದಿದ್ದರೆ ಮೇಲಿನ ಬರ್ತಿಗೇ ಒಯ್ದು ತಲೆದಿಂಬು ಮಾಡಿಕೊಳ್ಳುತ್ತೇನೆ. ಬೀಗ ಮಾತ್ರ ಬೇಕೇ ಬೇಕು.

ಏಲಕ್ಕಿ ಮಾಲೆ (ಹಾವೇರಿ)

ಎಲ್ಲ ಓದಿದೆ. ಬುತ್ತಿಯ ಬಗ್ಗೆ ಯಾರೂ ಬರೆದಿಲ್ಲ!

ಮೊದಲು ಒಂದು ಎಚ್ಚರಿಕೆ, ವಿಮಾನದಲ್ಲಿ ಹೋಗುವವರಿಗೆ. ಎರಡು ವರ್ಷದ ಹಿಂದೆ ತಮ್ಮನ ಮನೆಗೆ ದೆಹಲಿಗೆ ಹೊರಟಿದ್ದೆ. ಹಗುರ ಪ್ರಯಾಣ ಅಂತ ಕೈಚೀಲ ಒಂದೇ, 7 ಕಿಲೋ ಒಳಗೆ. ಅದರಲ್ಲಿ ಅರ್ಧ ಕಿಲೋ ಬ್ಯಾಡಗಿ ಮೆಣಸಿನ ಪುಡಿ. ಮನೆಯಲ್ಲೇ ಒಣಗಿಸಿ, ತೊಟ್ಟು ತೆಗೆದು, ಗಿರಣಿಗೆ ನಾನೇ ನಿಂತು ಹಾಕಿಸಿದ್ದು. ತಪಾಸಣೆಯಲ್ಲಿ ತೆಗೆದು ಬುಟ್ಟಿಗೆ ಹಾಕಿದರು. ಕಾರದ ಪುಡಿಯನ್ನು ವಿಮಾನದ ಒಳಗೆ ಕೈಚೀಲದಲ್ಲಿ ಬಿಡುವುದೇ ಇಲ್ಲ, ಯಾರಾದರೂ ಕಣ್ಣಿಗೆ ಎರಚಬಹುದು ಅಂತ. ಬ್ಯಾಡಗಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ಆದರೆ ಅಲ್ಲಿ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆ ಕೆಂಪು ಪುಡಿ ಬುಟ್ಟಿಗೆ ಬೀಳುವುದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಎಣ್ಣೆ ಅಂಶ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವಂತಿಲ್ಲ.

ರೈಲಿಗೆ ಈ ತಾಪತ್ರಯ ಇಲ್ಲ. ಅದಕ್ಕೇ ಬೆಟಗೇರಿ ತಂಗಿ, ನಿನ್ನ ಅವ್ವ ಕಟ್ಟಿದ ಮೂರು ಗಂಟಿನಲ್ಲಿ ರೊಟ್ಟಿ ಚಟ್ನಿ ಗಂಟು ಬಿಡಬೇಡ. ಬಟ್ಟೆಯ ಭಾರ ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ. ಬುತ್ತಿಯ ಭಾರ ದಿನಾ ಇಳಿಯುತ್ತದೆ. ಕಟಕ ರೊಟ್ಟಿ ಹದಿನೈದು ದಿನ ಇದ್ದರೂ ಕೆಡುವುದಿಲ್ಲ. ಹಾಗೇ ಇಟ್ಟರೆ ಪುಡಿಯಾಗುತ್ತದೆ, ಅದಕ್ಕೆ ಅರ್ಧ ಮುರಿದು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪುಡಿಯಾಗಿಯೇ ಇರಲಿ, ಎಣ್ಣೆ ಬೇಡ, ಸೋರುತ್ತದೆ. ಮೊಸರು ಎಲ್ಲಾ ಕಡೆ ಸಿಗುತ್ತದೆ, ಕಲಸಿಕೊಂಡರೆ ಆಯಿತು. ಒಬ್ಬಳೇ ಹೋದಾಗ ರಾತ್ರಿ ತಡವಾಗಿ ಊರು ಮುಟ್ಟಿದರೆ ಊಟಕ್ಕೆ ಅಂತ ಮತ್ತೆ ಹೊರಗೆ ಹೋಗಬೇಕಿಲ್ಲ. ನನಗೆ ಅದೇ ದೊಡ್ಡ ಧೈರ್ಯ.

ಗೋಕುಲ ರೋಡ್

ಒಪ್ಪಿದೆ, ಆದರೆ ಮೂರು ದಿನಕ್ಕೆ ಆಗುವಷ್ಟು ಸಾಕು. ಕಾಶಿಯಲ್ಲಿ ಬೆಳಿಗ್ಗೆ ಕಚೋರಿ ಜಿಲೇಬಿ ತಿನ್ನದೆ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಾ ಕೂತರೆ ಹೋಗಿ ಏನು ಬಂತು?

ನರಗುಂದ ಗುಡ್ಡ

ಇಲ್ಲಿ ಓದುತ್ತಾ ನಮ್ಮ ಅಜ್ಜ ನೆನಪಾದ. ಯುಗಾದಿ ಮುಂದೆ ಕಂಬಿ (ಹೆಗಲ ಮೇಲೆ ಹೊರುವ ಕಾವಡಿ) ಜೊತೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದ. ಈಗಲೂ ನಮ್ಮ ಕಡೆಯಿಂದ ಸಾವಿರಾರು ಜನ ಹೋಗುತ್ತಾರೆ. ಅವನು ಹೊರಡುವ ಹಿಂದಿನ ರಾತ್ರಿ ಜೋಳಿಗೆ ಕಟ್ಟುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ದೋತರ ಒಂದು, ಅಂಗಿ ಒಂದು, ಕಂಬಳಿ, ತಂಬಿಗೆ, ವಿಭೂತಿ ಗಟ್ಟಿ, ಸೂಜಿ ದಾರ. ಸೂಜಿ ದಾರವನ್ನು ಟೊಪ್ಪಿಗೆಯ ಒಳಮಡಿಕೆಯಲ್ಲಿ ಸಿಕ್ಕಿಸುತ್ತಿದ್ದ. ಕಾಲಲ್ಲಿ ಗುಳ್ಳೆ ಎದ್ದರೆ ಅದೇ ಸೂಜಿ.

ಊಟಕ್ಕೆ ಏನೂ ಒಯ್ಯುತ್ತಿರಲಿಲ್ಲ. ದಾರಿಯ ಊರಿನವರು ನೀರು, ಮಜ್ಜಿಗೆ, ರೊಟ್ಟಿ ಕೊಡುತ್ತಾರೆ ಅಂತ ಗೊತ್ತಿತ್ತು. ನಾವು ಇಷ್ಟೆಲ್ಲ ತುಂಬುವುದು ಹೋದ ಊರಲ್ಲಿ ಏನೂ ಸಿಗುವುದಿಲ್ಲ ಅಂದುಕೊಂಡು. ಪೇಸ್ಟು, ಸೋಪು, ಗುಳಿಗೆ, ಟಾವೆಲ್ ಇಲ್ಲದ ಊರು ಎಲ್ಲಿದೆ? "ಇರ್ಲಿ, ಬೇಕಾಗತೈತಿ" ಅನ್ನುವ ಗಂಟನ್ನು ಪೂರ್ತಿ ಮನೆಯಲ್ಲಿಟ್ಟು, ಅದರ ಬದಲು 500 ರೂಪಾಯಿ ಬೇರೆ ಕಿಸೆಯಲ್ಲಿಡಿ. ಬೇಕಾದರೆ ಅಲ್ಲೇ ಕೊಳ್ಳಿ.

ಗುಳಿಗೆ ಡಬ್ಬಿ (ರಾಣೆಬೆನ್ನೂರು)

ನರಗುಂದ ಅಣ್ಣಾ, ಎಲ್ಲದಕ್ಕೂ ಒಪ್ಪಿದೆ, ಗುಳಿಗೆ ಒಂದನ್ನು ಬಿಟ್ಟು. ನಾನು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಎರಡಕ್ಕೆ ರೈಲಿನಲ್ಲಿ ವಾಂತಿ ಭೇದಿ ಆದರೆ ಅಂಗಡಿ ಎಲ್ಲಿಂದ ತರುತ್ತೀರಿ? ಒಬ್ಬರೇ ಇದ್ದಾಗ ತಂದುಕೊಡುವವರೂ ಇಲ್ಲ. ಓಆರ್‌ಎಸ್ ಎರಡು ಪೊಟ್ಟಣ, ಜ್ವರದ ಗುಳಿಗೆ, ನೀವು ದಿನಾ ತೆಗೆದುಕೊಳ್ಳುವ ಔಷಧ ಎರಡು ದಿನಕ್ಕೆ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಉತ್ತರದಲ್ಲಿ ಮಂಜು ಮುಸುಕಿ ಗಾಡಿಗಳು ಬಹಳ ತಡವಾಗುತ್ತವೆ.

ಜಾಗ ಉಳಿಸಲು ಪಟ್ಟಿ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿಯನ್ನು ಒಯ್ಯಿರಿ. ಆ ತುದಿ ಮನೆಯಲ್ಲಿ ಉಳಿದರೆ ಕೈಯಲ್ಲಿರುವುದು ಯಾವ ಗುಳಿಗೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗುಳಿಗೆಗಳನ್ನು ಬಿಡಿಸಿ ಒಂದೇ ಡಬ್ಬಿಗೆ ಸುರಿಯಬೇಡಿ. ಮತ್ತೆ ತಂಗೀ, ನೀರು ಕುಡಿಯದೆ ಕೂರುವುದು ಇನ್ನೊಮ್ಮೆ ಬೇಡ. ಆ ತೊಂದರೆ ಒಮ್ಮೆ ಆದವರಿಗೆ ಮತ್ತೆ ಬರುವ ಸಾಧ್ಯತೆ ಇರುತ್ತದೆ.

ಬೆಟಗೇರಿ ಮಗ್ಗ

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ನಿನ್ನೆ ಚೀಲ ತುಂಬಿ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಒಯ್ದೆ. ಅಂಗಡಿ ಕಾಕಾ ಜೋಳದ ಚೀಲ ಇಳಿಸಿ ಕಾಟಾ ಮೇಲೆ ಇಟ್ಟರು. 9 ಕಿಲೋ 350 ಗ್ರಾಂ. "ಇದನ್ನ ಹೊತ್ತು ಕಾಶಿ ತನಕ ಹೊಂಟೀಯೇನವಾ?" ಅಂದರು.

ಅಲ್ಲೇ ಅಂಗಡಿ ಕಟ್ಟೆಯ ಮೇಲೆ ಬಿಚ್ಚಿದೆ. ಒಂದೊಂದು ತೆಗೆದಾಗಲೂ ಕಾಕಾ ತೂಕ ಹೇಳಿದರು. ಕಾಲು ಕಿಲೋ, ಅರ್ಧ ಕಿಲೋ ಅನ್ನುವುದು ಕೈಗೆ ಗೊತ್ತಾಗುವುದಿಲ್ಲ, ಕಾಟಾ ಮೇಲೆ ಗೊತ್ತಾಗುತ್ತದೆ. ಎರಡನೇ ಜೊತೆ ಶೂ 710 ಗ್ರಾಂ. ಶಾಂಪೂ, ಎಣ್ಣೆ, ಮುಖಕ್ಕೆ ಹಚ್ಚುವುದು, ಎಲ್ಲ ಬಾಟಲಿ ಸೇರಿ 900. ಅದರ ಬದಲು ಸೋಪಿನ ಬಿಲ್ಲೆ ಅರ್ಧ, ಶಾಂಪೂ ಪೊಟ್ಟಣ ಆರು, ಎಣ್ಣೆ ಸಣ್ಣ ಶೀಶೆಯಲ್ಲಿ. ಎರಡು ಪುಸ್ತಕ 640. ಒಂದನ್ನು ಇಟ್ಟುಕೊಂಡೆ. ಟರ್ಕಿ ಟಾವೆಲ್ 480, ಹತ್ತಿಯದು 140.

ಕಡೆಗೆ 6 ಕಿಲೋ 200. ಬುತ್ತಿ ಸೇರಿಯೇ ಇಷ್ಟು, ನೀರಿನ ಬಾಟಲಿ ಬೇರೆ.

ಇವತ್ತು ಹುಬ್ಬಳ್ಳಿಗೆ ಹೋಗಿ ಸಾಧನಕೇರಿ ಅಕ್ಕ ಹೇಳಿದಂತೆ ಪ್ಲಾಟ್‌ಫಾರ್ಮಿನ ಆ ತುದಿ ಈ ತುದಿ ನಡೆದೆ. ಮುಕ್ಕಾಲು ದಾರಿಗೆ ಎಡ ಹೆಗಲು ನೋಯಿತು. ನೋಡಿದರೆ ರೊಟ್ಟಿ ಡಬ್ಬಿ ಒಂದೇ ಬದಿಗೆ ಇತ್ತು. ನಡುವೆ, ಬೆನ್ನಿಗೆ ಹತ್ತಿರ ಇಟ್ಟ ಮೇಲೆ ಸರಿಹೋಯಿತು. ಶೌಚಾಲಯದ ಪರೀಕ್ಷೆಯೂ ಪಾಸು.

ಒಂದೇ ಪ್ರಶ್ನೆ ಉಳಿದಿದೆ. ದುಡ್ಡು, ಮೊಬೈಲು, ಆಧಾರ್ ಎಲ್ಲಿಡಲಿ? ಸೊಂಟದ ಪೌಚ್ ಹಾಕಿಕೊಂಡರೆ ದುಡ್ಡು ಇಲ್ಲೇ ಇದೆ ಅಂತ ಎಲ್ಲರಿಗೂ ತೋರಿಸಿದಂತೆ ಆಗುತ್ತದೆ, ಅಲ್ವಾ?

ಸಾಧನಕೇರಿ ಅಂಗಳ

ನಿಮ್ಮ ಅಜ್ಜಿಯ ಚಂಚಿ ಇದೆಯಾ ನೋಡು. ನನ್ನದು ನಮ್ಮ ಅತ್ತೆಯದು. ಖಣದ ಬಟ್ಟೆ, ಒಳಗೆ ನಾಲ್ಕು ಪದರ. ಅವರು ಎಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಚಿಲ್ಲರೆಗೆ ಒಂದು ಮಾಡಿದ್ದರು. ಸುತ್ತಿ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದರೆ ಹೊರಗೆ ಕಾಣುವುದೇ ಇಲ್ಲ. ಈಗ ಎಲೆಯ ಜಾಗದಲ್ಲಿ ನೋಟು, ಅಡಿಕೆಯ ಜಾಗದಲ್ಲಿ ಎಟಿಎಂ ಕಾರ್ಡು, ಸುಣ್ಣದ ಜಾಗದಲ್ಲಿ ಬೀಗದ ಕೈ. ಇನ್ನೂ ಸುಣ್ಣದ ವಾಸನೆ ಇದೆ. ಅಂಥದ್ದು ಸಿಗದಿದ್ದರೆ ಕುರ್ತಾದ ಒಳಗೆ ಚೈನಿರುವ ಕಿಸೆ ಹೊಲಿಸು.

ಎಲ್ಲ ದುಡ್ಡು ಒಂದೇ ಕಡೆ ಇಡಬೇಡ, ಮೂರು ಭಾಗ ಮಾಡು. ಆಧಾರ್ ಡಿಜಿಲಾಕರಿನಲ್ಲಿದ್ದರೆ ರೈಲಿನಲ್ಲಿ ನಡೆಯುತ್ತದೆ, ಆದರೆ ಮೊಬೈಲು ಬಂದ್ ಆದರೆ? ಅದಕ್ಕೆ ಮೂಲ ಕಾರ್ಡೂ ಇರಲಿ, ಒಂದು ಝೆರಾಕ್ಸ್ ಪ್ರತಿಯೂ ಇರಲಿ. ಆ ಪ್ರತಿಯ ಹಿಂದೆ ಮನೆಯವರ ನಂಬರು ಪೆನ್ನಿನಿಂದ ಬರೆದುಕೊ. ಈಗ ನಮಗೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ. ರೈಲಿನ ಸಹಾಯವಾಣಿ 139 ಮತ್ತು ತುರ್ತು ಸಹಾಯದ 112 ಎರಡು ಮಾತ್ರ ಬಾಯಿಪಾಠ ಮಾಡು.

ವಿಶ್ವನಾಥನ ದರ್ಶನಕ್ಕೆ ಮೊಬೈಲು, ಬ್ಯಾಗು ಒಳಗೆ ಬಿಡುವುದಿಲ್ಲ. ಆ ದಿನ ಚೀಲ ಕೋಣೆಯಲ್ಲೇ ಇರಲಿ. ಚಂಚಿ ಒಂದು ಸಾಕು.

ಮಗಳ ಅವ್ವ (ಧಾರವಾಡ)

ನಾನು ಇಲ್ಲಿ ಬರೆಯುವವಳಲ್ಲ. ಮಗಳು ತೋರಿಸಿದಳು, ಓದಿದೆ. ಅವಳು ಹೋದ ವರ್ಷ ಒಬ್ಬಳೇ ಹಿಮಾಚಲಕ್ಕೆ ಹೋದಾಗ ನಾನೂ ಹೀಗೇ ಗಂಟು ಕಟ್ಟಿದ್ದೆ. ಅವಳು ಸಿಟ್ಟು ಮಾಡಿ ಅರ್ಧ ತೆಗೆದಿಟ್ಟು ಹೋದಳು. ಅವಳು ಹೋದ ಮೇಲೆ ಆ ತೆಗೆದಿಟ್ಟದ್ದನ್ನೆಲ್ಲ ನಾನು ಒಂದು ವಾರ ಹಾಗೇ ಮಂಚದ ಮೇಲೆ ಇಟ್ಟಿದ್ದೆ.

ನಮಗೆ ಜೊತೆಗೆ ಬರಲು ಆಗುವುದಿಲ್ಲ. ಬೇಡ ಅನ್ನಲೂ ಮನಸ್ಸಿಲ್ಲ, ನಾವು ಹೋಗದ ಕಡೆ ಮಕ್ಕಳು ಹೋಗಲಿ ಅಂತಲೇ ಇದೆ. ಆ ಹೊತ್ತಿಗೆ ಕೈಗೆ ಮಾಡಲು ಇರುವ ಕೆಲಸ ಅದೊಂದೇ, ಕಟ್ಟಿ ಕೊಡುವುದು. ಬೆಟಗೇರಿ ಮಗಳೇ, ನಿಮ್ಮವ್ವನ ಕಣ್ಣ ಮುಂದೆ ಒಂದೊಂದೇ ತೆಗೆದು ಬದಿಗೆ ಹಾಕಬೇಡ. ಚೀಲದಲ್ಲಿ ಒಂದು ಮೂಲೆ ಬಿಟ್ಟು, "ಅವ್ವಾ, ಇಷ್ಟು ಜಾಗ ನಿನ್ನದು, ಏನು ಬೇಕಾದರೂ ಇಡು" ಅನ್ನು. ಅವಳಿಗೆ ಏನಿಡಬೇಕು ಅಂತ ಗೊತ್ತಿರುತ್ತದೆ. ದಿನಾ ರಾತ್ರಿ ಒಂದು ಫೋನು ಮಾಡು. ಅದಕ್ಕೆ ತೂಕ ಇಲ್ಲ.

ಬೆಟಗೇರಿ ಮಗ್ಗ

ಅಮ್ಮಾ, ಇದನ್ನು ನಮ್ಮ ಅವ್ವನಿಗೆ ಓದಿ ಹೇಳಿದೆ. ಸುಮ್ನೆ ಕೂತು ಕೇಳಿದಳು. ಆಮೇಲೆ ಎದ್ದು ಹೋಗಿ ಕೌದಿ ಒಳಗಿಟ್ಟಳು. ಅಪ್ಪನ ದೋತರ ತಂದು, ಅಂಚು ಹರಿದ ಕಡೆ ಹೊಲಿದು, ಇಸ್ತ್ರಿ ಮಾಡಿ ಕೊಟ್ಟಳು. ಅವಳ ಮೂಲೆಗೆ ಇಟ್ಟದ್ದು ಒಂದು ಸಣ್ಣ ಪೊಟ್ಟಣ: ಒಣ ಶುಂಠಿ, ಓಮಿನ ಕಾಳು, ಬೆಲ್ಲ. 90 ಗ್ರಾಂ.

ಬೆಟಗೇರಿ ಮಗ್ಗ (ಮೂರು ವಾರದ ನಂತರ)

ಹೋಗಿ ಬಂದೆ. ಕೇಳಿದವರಿಗೆ ಲೆಕ್ಕ ಒಪ್ಪಿಸುತ್ತೇನೆ.

ದೋತರ ದಿನವೂ ಬಳಸಿದೆ. ಹೋಗುವಾಗ ಎರಡನೇ ರಾತ್ರಿ ಸ್ಲೀಪರಿನಲ್ಲಿ ಬಹಳ ಚಳಿ. ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಸಂದಿನಿಂದ ಗಾಳಿ. ಇದ್ದ ಬಟ್ಟೆ ಎಲ್ಲ ಹಾಕಿಕೊಂಡು, ಶಾಲು ಹೊದ್ದು, ಮೇಲೆ ದೋತರ ಸುತ್ತಿಕೊಂಡೆ. ಆದರೂ ಕಾಲು ಕೊರೆಯುತ್ತಿತ್ತು. ಉಣ್ಣೆಯ ಕಾಲುಚೀಲ ಇನ್ನೊಂದು ಜೊತೆ ಇರಬೇಕಿತ್ತು. ನಾನು ಕಡಿಮೆ ಒಯ್ದದ್ದು ಅದೊಂದೇ. ಕಾಶಿಯಲ್ಲಿ ಇಳಿದ ದಿನವೇ ಕೊಂಡೆ. ಮುಂದಿನ ಸಲ ಚಳಿಗಾಲಕ್ಕೆ ಗೋಕುಲ ರೋಡ್ ಅವರು ಹೇಳಿದಂತೆ ಥರ್ಡ್ ಎಸಿ ಮಾಡಿಸುತ್ತೇನೆ.

ಟಾವೆಲ್ ಸುತ್ತಿ ತಿರುವುವುದು ಕೆಲಸ ಮಾಡುತ್ತದೆ, ಆದರೆ ಮಂಜು ಇದ್ದ ಎರಡು ದಿನ ಬಟ್ಟೆ ಬೆಳಿಗ್ಗೆಗೆ ಒಣಗಲಿಲ್ಲ. ಹಸಿ ಕುರ್ತಾವನ್ನು ಸ್ವೆಟರ್ ಮೇಲೆ ಹಾಕಿಕೊಂಡು ಬಿಸಿಲಿಗೆ ಘಾಟಿನ ಮೆಟ್ಟಿಲ ಮೇಲೆ ಕೂತೆ. ಒಂದು ತಾಸಿನಲ್ಲಿ ಒಣಗಿತು. ಒಯ್ದ ಪುಸ್ತಕ ತೆರೆಯಲೇ ಇಲ್ಲ, ನದಿ ನೋಡುವುದರಲ್ಲೇ ಹೊತ್ತು ಹೋಯಿತು. ರೊಟ್ಟಿ ಆರನೇ ದಿನಕ್ಕೆ ಮುಗಿಯಿತು. ಆ ಡಬ್ಬಿಯಲ್ಲಿ ಗಂಗಾಜಲದ ಎರಡು ಸಣ್ಣ ತಾಮ್ರದ ಗಿಂಡಿ ಬಂದವು. ಹಾಗಾಗಿ ಬರುವಾಗ ಚೀಲ ಹೋಗುವಾಗಿನಷ್ಟೇ ಇತ್ತು.

ಅವ್ವನ ಪೊಟ್ಟಣವೇ ಬಹಳ ಕೆಲಸಕ್ಕೆ ಬಂತು. ಪ್ರಯಾಗರಾಜಿನಲ್ಲಿ ಗಂಟಲು ಕಟ್ಟಿತ್ತು. ಚಹಾ ಅಂಗಡಿಯವರ ಹತ್ತಿರ ಬಿಸಿನೀರು ಕೇಳಿ, ಶುಂಠಿ ಬೆಲ್ಲ ಹಾಕಿ ಕುಡಿದೆ.

ಬರುವಾಗ ಮಂಜಿಗೆ ಗಾಡಿ ಐದು ತಾಸು ತಡ. ಮತ್ತೆ ಪ್ಲಾಟ್‌ಫಾರ್ಮ್, ಮತ್ತೆ ಒಬ್ಬಳೇ. ಪಕ್ಕದಲ್ಲಿ ಒಬ್ಬ ಹುಡುಗಿ ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಕೂತಿದ್ದಳು, ಪರೀಕ್ಷೆ ಬರೆಯಲು ಬಂದವಳು. ಎರಡು ಸಲ ಎದ್ದಳು, ಮತ್ತೆ ಕೂತಳು. ನನಗೆ ಅರ್ಥವಾಯಿತು. ನನಗೆ ಬರುವಷ್ಟು ಹಿಂದಿಯಲ್ಲಿ "ನೀನು ಹೋಗಿ ಬಾ, ನಾನಿದ್ದೇನೆ" ಅಂದೆ. ಅವಳು ನನ್ನ ಮುಖ ನೋಡಿದಳು, ನನ್ನ ಬೆನ್ನ ಚೀಲ ನೋಡಿದಳು, ಹೋದಳು. ಅವಳು ಬಂದ ಮೇಲೆ ನಾನು ಚೀಲ ಹಾಕಿಕೊಂಡು ಹೋಗಿ ಬಂದೆ. ಆಮೇಲೆ ಇಬ್ಬರೂ ಎರಡೆರಡು ಕಪ್ಪು ಚಹಾ ಕುಡಿದೆವು.

ದುರ್ಗದಬೈಲ್ ರನ್ನರ್

ಬಹಳ ಸಂತೋಷ ತಂಗೆವ್ವಾ. ರನ್ನರ್ ಸರಿ ಇದೆಯಾ?

ಬೆಟಗೇರಿ ಮಗ್ಗ

ರನ್ನರ್ ಸರಿ ಇದೆ ಅಣ್ಣಾ. ಸೊಂಟದ ಪಟ್ಟಿಯ ಬಕಲ್ ಒಂದು ಹಲ್ಲು ಮುರಿದಿದೆ. ಬರುವ ವಾರ ಹುಬ್ಬಳ್ಳಿಗೆ ಬಂದಾಗ ತರುತ್ತೇನೆ. ಮಾರ್ಚಿನಲ್ಲಿ ಅವ್ವನನ್ನು ಕರೆದುಕೊಂಡು ಪಂಢರಪುರಕ್ಕೆ ಹೋಗುವುದಿದೆ. ಅವಳಿಗೂ ಒಂದು ಸಣ್ಣ ಚೀಲ ಬೇಕು, 20 ಲೀಟರಿನದು ಇದೆಯಾ?